ಎಸಿ ರೂಮಿನ ಹೊಳೆ

ನವೆಂಬರ್ 24, ಸೋಮವಾರ. ಬೆಳಿಗ್ಗೆ

ಮಂಗಳೂರಿನಿಂದ ಕುಂದಾಪುರದವರೆಗೆ ಈಗ ಬದುಕಿರುವ ಪೇಂಟರುಗಳಲ್ಲಿ ನಾನೇ ಒಂದನೇ ನಂಬರ್. ನಿನ್ನೆ ಸಂಜೆಯಿಂದ.

ದನಕ್ಕೆ ಹುಲ್ಲು ಹಾಕಿ ಆಯ್ತು. ಚಹಾ ಕುಡಿದು ಆಯ್ತು. ಆಶಾಲತಾ ಮಾತಾಡ್ತಾ ಇಲ್ಲ. ದೊಡ್ಡ ಕಲಾವಿದರ ಹೆಂಡತಿಯರು ಹಾಗೆಯೇ ಇರಬೇಕು.

ಆದದ್ದು ಇಷ್ಟು. ಅಕ್ಕನ ಮಗ ಮೋಕ್ಷಿತ್ ಬಿಜೈಯಲ್ಲಿ ಹೋಟೆಲ್ ಮಾಡ್ತಾ ಇದ್ದಾನೆ. ಓಪನಿಂಗ್ ಡಿಸೆಂಬರ್ ಹದಿನಾಲ್ಕಕ್ಕೆ. ಅದು ತಪ್ಪಿದರೆ ಧನುರ್ಮಾಸ, ಮತ್ತೆ ಸಂಕ್ರಾಂತಿವರೆಗೆ ಶಟರ್ ಎತ್ತುವ ಹಾಗಿಲ್ಲ. ನಿನ್ನೆ ಸುಮ್ಮನೆ ನೋಡಲಿಕ್ಕೆ ಹೋದದ್ದು. ದೀಪ ಹಚ್ಚುವುದು ಯಾರು ಎಂದು ಕೇಳಿದೆ. ನಮ್ಮಲ್ಲಿ ಅದು ಕೇಳುವ ಪ್ರಶ್ನೆಯೇ ಅಲ್ಲ. ಅಳಿಯನ ಕೆಲಸಕ್ಕೆ ದೀಪ ಹಚ್ಚುವುದು ಸೋದರಮಾವ. ತುಳುವಿನಲ್ಲಿ ತಮ್ಮಲೆ ಅಂದರೆ ಅರ್ಧ ದೇವರು.

"ಬಿಲ್ಡಿಂಗಿನ ಓನರ್ ಹಚ್ತಾರೆ ಮಾವ."

"ಮತ್ತೆ ನಾನು?"

"ನೀವು ಮುಂದಿನ ಸಾಲಿನಲ್ಲಿ ಕೂತ್ಕೊಳ್ಳಿ. ಊಟ ಮಾಡಿಯೇ ಹೋಗ್ಬೇಕು."

ಊಟ ಮಾಡಿಯೇ ಹೋಗ್ಬೇಕಂತೆ! ಇವನ ಮೂಗು ಒರೆಸಿದ ಕೈ ಇದು.

ಅಷ್ಟರಲ್ಲಿ ಆ ಇಂಟೀರಿಯರ್ ಹುಡುಗಿ ಬಂದಳು. ಶರೊನ್. ಜೆಪ್ಪುವಿನವಳು, ಲ್ಯಾಪ್‌ಟಾಪ್ ಮಡಚದೆ ನಡೆಯುತ್ತಾಳೆ. ಫ್ಯಾಮಿಲಿ ಎಸಿ ರೂಮಿನ ದೊಡ್ಡ ಗೋಡೆಗೆ ಆರು ಅಡಿ ನಾಲ್ಕು ಅಡಿಯ ಆಯಿಲ್ ಪೇಂಟಿಂಗ್ ಬೇಕೇ ಬೇಕಂತೆ. ಚಳಿಗಾಲದ ಹೊಳೆ, ಎರಡೂ ದಡದಲ್ಲಿ ಹಿಮ. ಇಂಪ್ರೆಷನಿಸ್ಟ್ ಸ್ಟೈಲ್. ಆರ್ಟಿಸ್ಟ್ ಅರುವತ್ತು ಸಾವಿರ ಕೇಳಿದ್ದಾನೆ. ಮೋಕ್ಷಿತ್ ತಲೆಗೆ ಕೈ ಕೊಟ್ಟು ಕೂತ.

"ಅರುವತ್ತಾ? ನಾನು ಮಾಡಿ ಕೊಡ್ತೇನೆ. ಫ್ರೀ."

"ನಿಮಗೆ ಪೇಂಟಿಂಗ್ ಬರ್ತದಾ ಮಾವ?"

"ಏಳನೇ ಕ್ಲಾಸಿನಲ್ಲಿ ಡ್ರಾಯಿಂಗಿನಲ್ಲಿ ಜಿಲ್ಲೆಗೇ ಫಸ್ಟ್. ನಿನ್ನ ಅಮ್ಮನ ಹತ್ತಿರ ಕೇಳು."

ಅಲ್ಲೇ ಕೂತಿದ್ದ ಅಕ್ಕ ತಲೆ ಎತ್ತಿ ಫ್ಯಾನ್ ನೋಡಿದಳು. ಒಳ್ಳೆಯ ಹೆಂಗಸು. (ಗೇಟು ಬಿಟ್ಟು ಬೇರೆ ಎಂತಕ್ಕೂ ನಾನು ಬ್ರಷ್ ಮುಟ್ಟಿಸಿದವನಲ್ಲ. ಗೇಟು ಮಾತ್ರ ಚಂದ ಬಂದಿತ್ತು.)

ಕಂಡೀಷನ್ ಹಾಕಿದೆ. ಓಪನಿಂಗ್ ದಿನ ಗೋಡೆಯಲ್ಲಿ ಪೇಂಟಿಂಗ್ ಇದ್ದರೆ ದೀಪ ನನ್ನದು. ಇಲ್ಲದಿದ್ದರೆ ಓನರಿನದ್ದು, ನಾನು ಮುಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ಕೂರ್ತೇನೆ. ಮೋಕ್ಷಿತ್ ನಕ್ಕು ಕೈ ಕೊಟ್ಟ. ಬಾಯಿ ಮುಚ್ಚುವುದು ಅವನಿಗೆ ಇಷ್ಟ ಆದ ಹಾಗೆ ಕಂಡಿತು.

ನವೆಂಬರ್ 25

ಶರೊನ್ ಮೊಬೈಲಿಗೆ ಫೋಟೋ ಕಳಿಸಿದಳು. ನೋಡಿದೆ. ಯಾರೋ ಮಳೆಗೆ ಬಿಟ್ಟ ಪೇಂಟಿಂಗ್ ಎಂದುಕೊಂಡೆ. ಫೋನ್ ಮಾಡಿದೆ.

"ಅದು ಹಾಗೇ ಇರೋದು ಅಂಕಲ್. ಔಟ್‌ಲೈನ್ ಇಲ್ಲ. ದೊಡ್ಡ ದೊಡ್ಡ ಬ್ರಷ್ ಹೊಡೆತ. ಹತ್ತಿರದಿಂದ ಬರೀ ಕಲೆ, ದೂರದಿಂದ ನೋಡಿದ್ರೆ ಹೊಳೆ. ಮತ್ತೆ ಕಪ್ಪು ಮುಟ್ಟಲೇಬೇಡಿ. ಹಿಮದಲ್ಲಿ ನೆರಳು ನೀಲಿ."

"ಅದೆಲ್ಲ ನಂಗೆ ಗೊತ್ತುಂಟು ಮಾರಾಯ್ತಿ."

ದೂರದಿಂದ ಮಾತ್ರ ಚಂದ! ಅಂಥವರು ನಮ್ಮ ಕುಟುಂಬದಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಷ್ಟ ಆಗಲಿಕ್ಕಿಲ್ಲ.

ಪೇಟೆಗೆ ಹೋಗಿ ಸಾಮಾನು ತಂದೆ. ಬಿಳಿ ಬಣ್ಣದ ಟ್ಯೂಬ್ ಇಷ್ಟೇ ಇಷ್ಟು, ಕ್ರಯ ಅಷ್ಟು. ಹಿಮ ಅಂದರೆ ಪೂರ್ತಿ ಬಿಳಿಯಲ್ವಾ... ಹೋಟೆಲಿನ ಗೋಡೆಗೆ ತಂದ ಪುಟ್ಟಿ ಅರ್ಧ ಗೋಣಿ ಉಳಿದಿತ್ತು, ಅದಕ್ಕೆ ಮೊನ್ನೆಯೇ ಕಣ್ಣಿಟ್ಟು ಬಂದಿದ್ದೆ. ಹೋಗುತ್ತಾ ರಿಕ್ಷಾಕ್ಕೆ ಹಾಕಿಸಿಕೊಂಡೆ. ಬಿಳಿಗೆ ಬಿಳಿ ಸೇರಿದರೆ ಯಾವ ದೇವರೂ ಕಂಡುಹಿಡಿಯುವುದಿಲ್ಲ.

ಅಂಗಡಿಯವ ಬಣ್ಣ ಕಲಸಲಿಕ್ಕೆ ಲಿನ್ಸೀಡ್ ಎಣ್ಣೆ ತಕೊಳ್ಳಿ ಎಂದ. ಔಷಧಿ ಬಾಟ್ಲಿಯಷ್ಟು ದೊಡ್ಡದು, ಇನ್ನೂರ ಚಿಲ್ಲರೆ. ಅಗಸೆ ಬೀಜದ್ದಂತೆ. ಅಗಸೆ ನಾವು ಕಂಡದ್ದೂ ಇಲ್ಲ, ಉಂಡದ್ದೂ ಇಲ್ಲ. ಮನೆಯಲ್ಲಿ ನಮ್ಮದೇ ಕೊಬ್ಬರಿಯ ಗಾಣದ ಎಣ್ಣೆ ಡಬ್ಬ ತುಂಬ ಉಂಟು. ಅದು ಇದಕ್ಕಿಂತ ಶುದ್ಧ. ಬಾಟ್ಲಿ ವಾಪಸ್ ಇಟ್ಟೆ. ಅಂಗಡಿಯವನ ಮುಖ ಸಪ್ಪೆ ಆಯ್ತು. ಎಣ್ಣೆ ಪೇಂಟಿಂಗಿಗೆ ಎಣ್ಣೆ ಬೇಕು, ಅಷ್ಟೇ ಅಲ್ವಾ?

ನವೆಂಬರ್ 27

ಹಿಮ ಕಾಣದೆ ಹಿಮ ಬಿಡಿಸುವುದು ಹೇಗೆ? ಬೆಳಿಗ್ಗೆ ಬೇಗ ಧಕ್ಕೆಗೆ, ಮೀನಿನ ಬೋಟು ಬಂದು ನಿಲ್ಲುವಲ್ಲಿಗೆ, ಹೋದೆ. ಐಸ್ ಪುಡಿ ಮಾಡುವ ಮೆಷಿನ್ ಹತ್ತಿರ ನಿಂತು ನೋಡಿದೆ. ಬೆಟ್ಟದ ಹಾಗೆ ಬೀಳ್ತದೆ ಮಾರಾಯ! ಒಳ್ಳೆಯ ಹಿಮ. ನಡುವೆ ಬಂಗುಡೆಯ ಬಾಲ ಕಾಣುತ್ತದೆ, ಅದನ್ನು ಬಿಟ್ಟರೆ ಫೋಟೋದ್ದೇ.

ಬುಟ್ಟಿ ಇಟ್ಟುಕೊಂಡಿದ್ದ ಲೈಲಾ ಬಾಯಿ ಕೇಳಿದಳು, "ಎಂತ ಅಣ್ಣಾ, ಮೀನು ಬೇಕಾ ಐಸ್ ಬೇಕಾ?"

"ಐಸಿನ ಬಣ್ಣ ನೋಡ್ಲಿಕ್ಕೆ ಬಂದದ್ದು."

"ಬಣ್ಣವಾ? ಮನೆಯಲ್ಲಿ ಯಾರೂ ಇಲ್ವಾ ನಿಮಗೆ?"

ಕಲೆಯ ಬಗ್ಗೆ ಈ ಊರಿನಲ್ಲಿ ಮಾತಾಡುವ ಹಾಗೆ ಇಲ್ಲ. ಒಂದು ಕೆಜಿ ಬಂಗುಡೆ ತಂದೆ. ಆಶಾಲತಾ ಮಾತಾಡಿದಳು. "ಇದಾದರೂ ಆಯ್ತಲ್ಲ."

ನವೆಂಬರ್ 29, ಶನಿವಾರ

ಇವತ್ತಿನಿಂದ ಕೆಲಸ ಶುರು. ಶರೊನ್ ಹೇಳಿದ್ದಾಳೆ — ಇಂಪ್ರೆಷನಿಸ್ಟಿನವರು ಬಯಲಿಗೆ ಹೋಗಿ ಹೊಳೆಯ ಎದುರೇ ಕೂತು ಬಿಡಿಸ್ತಿದ್ದರಂತೆ. ನಾನೂ ಕ್ಯಾನ್ವಾಸ್ ಹೊತ್ತು ಗುರುಪುರ ಹೊಳೆಯ ಬದಿಗೆ ಹೋದೆ. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಕೈಯಲ್ಲಿ ಬ್ರಷ್. ಬಿಸಿಲೆಂದರೆ ಬಿಸಿಲು. ಬೆವರು ಹೊಳೆಗಿಂತ ಜೋರು ಹರಿಯಿತು.

ಹತ್ತು ನಿಮಿಷದಲ್ಲಿ ಜನ. ಮರಳಿನ ಕೆಲಸದ ತುಕ್ರ ಹಿಂದೆ ನಿಂತು ಬೀಡಿ ಎಳೆದ.

"ಅಣ್ಣೇರೇ, ದಡದಲ್ಲಿ ಬಿಳಿ ಎಂತ? ಉಪ್ಪಾ?"

"ಹಿಮ."

"ಎಲ್ಲಿ ಉಂಟು?"

"ನಿನಗೆ ಕಾಣುವುದಿಲ್ಲ. ಕಲಾವಿದನ ಕಣ್ಣು ಬೇಕು."

ಅವ ಹೊಳೆ ನೋಡಿದ, ನನ್ನನ್ನು ನೋಡಿದ, ಮತ್ತೆ ಹೊಳೆ ನೋಡಿದ. "ಬಿಸಿಲಿಗೆ ಹೆಚ್ಚು ಹೊತ್ತು ಕೂರಬೇಡಿ. ಒಂದು ಬೊಂಡ ಕೆತ್ತಿಸಿ ಕುಡೀರಿ."

ಹೊಳೆ ಒಳ್ಳೆಯದೇ ಬಂದಿದೆ. ಹಿಮ ಮಾತ್ರ ಹಿಟ್ಟು ಚೆಲ್ಲಿದ ಹಾಗೆ.

ನವೆಂಬರ್ 30. ಬೆಳಿಗ್ಗೆ ಏಳೂವರೆ

ಸಿಕ್ಕಿತು!

ಆಶಾಲತಾ ನನ್ನ ಬಿಳಿ ಮುಂಡು ತಂತಿಗೆ ಹಾಕಿದ್ದಳು. ಎಳೆ ಬಿಸಿಲು. ಬಾಳೆ ಎಲೆಯ ನೆರಳು ಮುಂಡಿನ ಮೇಲೆ. ಹಲ್ಲುಜ್ಜುತ್ತಾ ನೋಡ್ತೇನೆ — ನೆರಳು ಕಪ್ಪಲ್ಲ. ನೀಲಿ! ಸರಿಯಾಗಿ ನೋಡಿದರೆ ಚೂರು ನೇರಳೆ ಕೂಡ. ಇಷ್ಟು ವರ್ಷ ಆ ಮುಂಡು ಉಟ್ಟಿದ್ದೇನೆ, ಒಮ್ಮೆಯೂ ನೋಡಿರಲಿಲ್ಲ. ಆ ಹುಡುಗಿ ಸುಳ್ಳು ಹೇಳಿದ್ದಲ್ಲ.

ಆಶಾಲತಾಳನ್ನು ಕರೆದು ತೋರಿಸಿದೆ. ಅವಳು ಬಗ್ಗಿ ನೋಡಿದಳು. ತುಂಬ ಹೊತ್ತು. ಮತ್ತೆ ಹೇಳಿದಳು, "ಹೌದಲ್ಲ... ಒಗೆಯುವಾಗ ನಾನು ನೀಲಿ ಹೆಚ್ಚು ಹಾಕಿದ್ದೆಂದು ಪ್ರತಿ ಸಲ ಬೈದುಕೊಳ್ತಿದ್ದೆ."

ಕ್ಯಾನ್ವಾಸ್ ತಂದು ಮುಂಡಿನ ಎದುರೇ ಇಟ್ಟೆ. ಊಟಕ್ಕೂ ಏಳಲಿಲ್ಲ. ಮುಂಡು ನೋಡಿ ಹಿಮ ಬಿಡಿಸಿದೆ. ಈ ಒಂದು ದಿನದ ಬಗ್ಗೆ ಹೆಚ್ಚು ಕೊಚ್ಚಿಕೊಳ್ಳಲಿಕ್ಕೆ ಮನಸ್ಸಾಗುವುದಿಲ್ಲ. ಚಂದ ಬಂತು. ಅಷ್ಟೇ.

ಡಿಸೆಂಬರ್ 5

ಒಣಗುವುದಿಲ್ಲ.

ಮುಗಿದು ಮೂರು ದಿನ ಆಯ್ತು. ಫ್ಯಾನ್ ಇಟ್ಟೆ. ಬಿಸಿಲಿಗೆ ಇಟ್ಟೆ — ಇನ್ನೂ ಲಗಾಡಿ, ಬಲಬದಿಯ ಮರ ಹೊಳೆಗೆ ಜಾರಿತು. ಸರಿಪಡಿಸಿದೆ. ಮತ್ತೆ ಇರುವೆ. ಕೆಂಪಿರುವೆ ಸಾಲುಗಟ್ಟಿ ಹಿಮದ ಮೇಲೆ ನಡೆಯುತ್ತಾ ಉಂಟು. ದೂರದಿಂದ ನೋಡಿದರೆ ಜನ ಕೊಡೆ ಹಿಡಿದು ಹೋಗುವ ಹಾಗೆ ಕಾಣುತ್ತದೆ, ಅದು ಬೇರೆ ಮಾತು.

ಆಶಾಲತಾ ಒಗ್ಗರಣೆಗೆ ಎಣ್ಣೆ ತೆಗೆಯಲಿಕ್ಕೆ ಹೋಗಿ ಡಬ್ಬ ಅಲ್ಲಾಡಿಸಿದಳು. ಸದ್ದಿಲ್ಲ. ಕ್ಯಾನ್ವಾಸ್ ಹತ್ತಿರ ಬಂದು ಮೂಸಿದಳು.

"ನಿಮ್ಮ ಹೊಳೆಯಲ್ಲಿ ಹರಿಯುವುದು ನನ್ನ ಎಣ್ಣೆಯಾ?"

"ಕಲೆಗೆ—"

"ಕೆಜಿಗೆ ಎಷ್ಟಾಗಿದೆ ಗೊತ್ತುಂಟಾ ಈಗ? ಇನ್ನು ನಾಳೆಯಿಂದ ಮೀನು ನೀರಿನಲ್ಲಿ ಹುರೀತೇನೆ, ತಿನ್ನಿ!"

ಓಪನಿಂಗಿಗೆ ಒಂಬತ್ತು ದಿನ. ಹಸಿ ಪೇಂಟಿಂಗ್ ಗೋಡೆಗೆ ಹಾಕಿದರೆ ಮೋಕ್ಷಿತ್ ಒಪ್ಪುವುದಿಲ್ಲ. ದೀಪ ಹೋಯಿತು.

ಡಿಸೆಂಬರ್ 7, ಆದಿತ್ಯವಾರ. ಬೆಳಿಗ್ಗೆ ಆರು

ಒಣಗಿದೆ!! ಕಲ್ಲಿನ ಹಾಗೆ!

ಮಧ್ಯಾಹ್ನ

ಇಲ್ಲ.

ಡಿಸೆಂಬರ್ 8. ಬೆಳಿಗ್ಗೆ

ಇವತ್ತೂ ಬೆಳಿಗ್ಗೆ ಕಲ್ಲು. ತಲೆ ತುರಿಸುತ್ತಾ ಕೂತಿದ್ದೆ. ಆಶಾಲತಾ ಸ್ನಾನಕ್ಕೆ ಹೋಗುವ ಮೊದಲು ತಲೆಗೆ ಹಾಕುವ ಎಣ್ಣೆಯ ಬಾಟ್ಲಿಯನ್ನು ಮೆಟ್ಟಿಲ ಬಿಸಿಲಿಗೆ ಇಟ್ಟಳು. ಚಳಿಗೆ ಎಣ್ಣೆ ಗಟ್ಟಿ ಆಗಿತ್ತು.

ಅಷ್ಟೇ ವಿಷಯ! ಡಿಸೆಂಬರಿನ ಬೆಳಿಗ್ಗೆ ತೆಂಗಿನೆಣ್ಣೆ ಗಟ್ಟಿ, ಬಿಸಿಲು ಬಂದರೆ ನೀರು. ಮಂಗಳೂರಿನ ಸಣ್ಣ ಮಕ್ಕಳಿಗೂ ಗೊತ್ತು.

ಆದರೆ ಆಮೇಲೆ ಹೊಳೆದದ್ದು ನನಗೆ ಮಾತ್ರ. ಈ ಪೇಂಟಿಂಗ್ ಇರಬೇಕಾದದ್ದು ಎಲ್ಲಿ? ಎಸಿ ರೂಮಿನಲ್ಲಿ! ಅಲ್ಲಿ ಇಪ್ಪತ್ತನಾಲ್ಕು ಗಂಟೆ ಚಳಿಗಾಲ. ಚಳಿಗಾಲದ ಪೇಂಟಿಂಗ್ ಚಳಿಯಲ್ಲೇ ಇರಲಿ. ಫ್ರಾನ್ಸಿನವರಿಗೆ ಈ ಬುದ್ಧಿ ಓಡಿತ್ತಾ?

ಡಿಸೆಂಬರ್ 9

ನಸುಕಿಗೇ ಟೆಂಪೋ ಮಾಡಿ ಬಿಜೈಗೆ ಸಾಗಿಸಿದೆ. ನಂತೂರಿನಲ್ಲಿ ಬ್ಲಾಕ್. ಸೂರ್ಯ ಏರ್ತಾ ಇದ್ದ, ನಾನು ಹಿಂದೆ ಕೂತು ಹೆಗಲ ಬೈರಾಸಿನಲ್ಲಿ ಗಾಳಿ ಹಾಕ್ತಾ ಇದ್ದೆ. ಕಾಲೇಜು ಮಕ್ಕಳು ವಿಡಿಯೋ ತೆಗೆದರು.

ಎಸಿ ಹದಿನೆಂಟಕ್ಕೆ ಇಡಿಸಿ ಗೋಡೆಗೆ ಹಾಕಿಸಿದೆ. ಶರೊನ್ ಬಂದಳು. ಬಾಗಿಲಲ್ಲೇ ನಿಂತಳು. ಲ್ಯಾಪ್‌ಟಾಪ್ ಮಡಚಿದಳು. ಅದು ಮಡಚಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅಂಕಲ್... ಈ ನೆರಳು..."

"ನಮ್ಮ ಮನೆಯ ತಂತಿಯಲ್ಲಿ ಸಿಕ್ಕಿದ್ದು."

"ಡ್ರೈ ಆಗಿದ್ಯಾ?"

"ಮುಟ್ಟಿ ನೋಡು."

ಬೆರಳಲ್ಲಿ ಕುಟ್ಟಿದಳು. ಟಕ್ ಟಕ್. ಮೋಕ್ಷಿತ್ ತಾನೂ ಒಮ್ಮೆ ಕುಟ್ಟಿ ನೋಡಿದ. ಫೋನ್ ತೆಗೆದು ಓನರಿಗೆ ಹೇಳಿದ, "ಸರ್, ದೀಪ ನಮ್ಮ ಮಾವ ಹಚ್ತಾರೆ. ನೀವು ಚೀಫ್ ಗೆಸ್ಟ್." ನಾನು ಕೇಳದವನ ಹಾಗೆ ಕಿಟಕಿಯಿಂದ ಹೊರಗೆ ನೋಡಿದೆ. ಕಿಟಕಿ ಇರಲಿಲ್ಲ, ಮೆನು ಬೋರ್ಡ್ ಇತ್ತು.

ಒಂದೇ ಷರತ್ತು ಹಾಕಿದೆ. ಎಸಿ ಯಾವತ್ತೂ ಆಫ್ ಮಾಡುವ ಹಾಗಿಲ್ಲ.

"ಕರೆಂಟ್ ಬಿಲ್ ಯಾರು ಕಟ್ತಾರೆ ಮಾವ?"

"ಪ್ಯಾರಿಸಿನಲ್ಲಿ ಕೇಳು, ಹೀಗೇ ಇಡುವುದು."

"ಅದು ಕರೆಕ್ಟ್," ಅಂದಳು ಶರೊನ್. "ಮ್ಯೂಸಿಯಮ್‌ನಲ್ಲಿ ಎಸಿ ಆಫ್ ಮಾಡೋದಿಲ್ಲ."

ಈ ಹುಡುಗಿಗೆ ಒಳ್ಳೆಯ ಗಂಡ ಸಿಗಲಿ.

ಡಿಸೆಂಬರ್ 12

ಎಂತ ಅವಸ್ಥೆ! ಓಪನಿಂಗಿಗೆ ಮೊದಲು ಗಣಹೋಮ. ಅದು ನನಗೆ ಮರೆತೇ ಹೋಗಿತ್ತು. ಹೋಮ ಎಲ್ಲಿ? ಆಗ್ನೇಯ ಮೂಲೆಯಲ್ಲಿ. ಆಗ್ನೇಯದಲ್ಲಿ ಇರುವುದು ಎಂತ? ಎಸಿ ರೂಮ್!

ಭಟ್ಟರ ಮನೆಗೇ ಹೋದೆ.

"ಭಟ್ರೇ, ಹೋಮ ಹೊರಗೆ ಮಾಡುವ. ರಸ್ತೆ ಬದಿಗೆ ಚಪ್ಪರ ಹಾಕಿ. ಗಣಪತಿಗೆ ಗಾಳಿ ಬೇಕಲ್ವಾ."

"ಗಣಪತಿಗೆ ಗಾಳಿ ಬೇಕು ಎಂದು ಯಾರು ಹೇಳಿದ್ದು?"

"ಹಾಗಾದ್ರೆ ಎಸಿ ಹಾಕಿಯೇ ಮಾಡುವ."

"ಅಗ್ನಿ ಹೊತ್ತುವುದು ಹೇಗೆ ಅಣ್ಣು? ನಿಮಗೆ ಎಂತಾಗಿದೆ?"

ಎಂತಾಗಿದೆ ಎಂದು ಹೇಳುವ ಹಾಗಿಲ್ಲ. ಹೇಳಿದರೆ ದೀಪ ಓನರಿಗೆ. ಆಶಾಲತಾ ಹೇಳಿದಳು, "ಮೋಕ್ಷಿತನ ಹತ್ತಿರ ನಿಜ ಹೇಳಿ. ಹುಡುಗ ಒಳ್ಳೆಯವ." ನಾನು ಹೇಳಿದೆ, ಒಂದು ಗಂಟೆಯ ಹೋಮ, ಏನೂ ಆಗುವುದಿಲ್ಲ. ಅವಳು ನನ್ನ ಬಿಳಿ ಮುಂಡು ಇಸ್ತ್ರಿ ಮಾಡಿ ಇಟ್ಟಿದ್ದಾಳೆ.

ಡಿಸೆಂಬರ್ 15

ನಿನ್ನೆಯದ್ದು ಬರೆಯಬೇಕು.

ಹೋಮ ಒಂದು ಗಂಟೆಯಲ್ಲಿ ಮುಗಿಯಲಿಲ್ಲ. ಭಟ್ಟರು ತುಪ್ಪ ಸುರಿದದ್ದೇ ಸುರಿದದ್ದು. ಬಾಗಿಲು ತೆರೆದು, ಎಸಿ ಆಫ್, ರೂಮು ಎಂದರೆ ಇಡ್ಲಿ ಬೇಯಿಸುವ ಅಟ್ಟ. ನಾನು ಪೇಂಟಿಂಗನ್ನೇ ನೋಡ್ತಾ ಕೂತಿದ್ದೆ. ಅಕ್ಕ ಕಣ್ಣೊರೆಸಿಕೊಂಡಳು — ತಮ್ಮನಿಗೆ ಎಷ್ಟು ಭಕ್ತಿ ಎಂದು.

ಹೋಮ ಮುಗಿದ ಕೂಡಲೇ ದೀಪ. ಅದೇ ರೂಮಿನಲ್ಲಿ, ಪೇಂಟಿಂಗಿನ ಎದುರಿನ ಗೋಡೆಯ ಬದಿಗೆ ಇಟ್ಟಿದ್ದರು. ಅಂದರೆ ಜನ ಎಲ್ಲ ನನ್ನ ಕಡೆಗೆ ಮುಖ, ಪೇಂಟಿಂಗಿಗೆ ಬೆನ್ನು. ಅದು ಕಾಣುವುದು ನನಗೊಬ್ಬನಿಗೇ. ಅದರ ಅಡಿಯ ಸೋಫಾದಲ್ಲಿ ಓನರ್. ಬಿಳಿ ಶರ್ಟ್, ಬಿಳಿ ಪ್ಯಾಂಟ್, ತಲೆಯಲ್ಲಿ ಒಂದು ಕೂದಲಿಲ್ಲ.

"ಈಗ ನನ್ನ ಮಾವ ದೀಪ ಹಚ್ತಾರೆ," ಎಂದು ಮೋಕ್ಷಿತ್ ಮೈಕಿನಲ್ಲಿ ಹೇಳಿದ. ನನ್ನ ಮಾವ. ಚಪ್ಪಾಳೆ. ಕೆಮರಾ.

ಮೊದಲನೇ ಬತ್ತಿ ಹಚ್ಚಿದೆ. ತಲೆ ಎತ್ತಿದೆ. ಹೊಳೆ ಹರಿಯುತ್ತಾ ಉಂಟು.

ಸುಮ್ಮನೆ ಪೊಕ್ಕಡೆ ಹೇಳುವುದಲ್ಲ. ನಿಜವಾಗಿ ಹರಿಯುತ್ತಾ ಉಂಟು! ದಡದ ಹಿಮ ಮೆಲ್ಲ ಜಾರಿ ನೀರಿಗೆ ಇಳಿಯುತ್ತದೆ, ನೀಲಿ ನೆರಳು ಬಿಳಿಯೊಟ್ಟಿಗೆ ಸೇರುತ್ತದೆ, ಮರಗಳು ನೀರಿನಲ್ಲಿ ಅಲ್ಲಾಡುತ್ತವೆ. ನಾನು ಬಿಡಿಸಿದ್ದಕ್ಕಿಂತ ಚಂದ. ಹಿಮ ಕರಗುವುದನ್ನು ಕಂಡೆ ನಾನು, ನನ್ನ ಜನ್ಮದಲ್ಲಿ. ಬಿಜೈಯಲ್ಲಿ.

ಎರಡನೇ ಬತ್ತಿ. ನಿಧಾನ. ಮೂರನೆಯದ್ದು ಇನ್ನೂ ನಿಧಾನ. ಇವರು ಹಿಂದೆ ತಿರುಗದ ಹಾಗೆ ಎಷ್ಟು ಹೊತ್ತು ಹಿಡಿಯಬಹುದು? ನಾಲ್ಕನೇ ಬತ್ತಿಗೆ ಕಣ್ಣು ಮುಚ್ಚಿ ಗೊತ್ತಿದ್ದ ಶ್ಲೋಕ ಎಲ್ಲ ಹೇಳಿದೆ. ಗೊತ್ತಿದ್ದದ್ದು ಒಂದೇ. ಮೂರು ಸಲ ಹೇಳಿದೆ.

ಐದನೆಯದ್ದಕ್ಕೆ ಕೈ ಚಾಚಿದಾಗ ಓನರ್ ತಲೆ ಮುಟ್ಟಿಕೊಂಡರು.

"ಮೋಕ್ಷಿತ್, ನಿಮ್ಮ ಎಸಿ ಲೀಕ್ ಆಗ್ತಾ ಉಂಟಲ್ಲ?"

"ಆಫ್ ಉಂಟು ಸರ್," ಎಂದು ಇವ ತಿರುಗಿದ. ಎಲ್ಲರೂ ತಿರುಗಿದರು. ನಾನು ಐದನೇ ಬತ್ತಿ ಹಚ್ಚಿಬಿಟ್ಟೆ. ಅಷ್ಟರಲ್ಲಿ ಬಲಬದಿಯ ದಡ ಪೂರ್ತಿ ಕಳಚಿ ಓನರಿನ ಹೆಗಲ ಮೇಲೆ ಬಿತ್ತು. ಪುಟ್ಟಿ, ಎಣ್ಣೆ, ಹಿಮ, ಎಲ್ಲ. ಅವರು ಒರೆಸಿಕೊಂಡ ಹಾಗೆ ಇನ್ನೂ ನೀಲಿ ಆದರು. ಅಕ್ಕ ಹತ್ತಿರ ಹೋಗಿ ಮೂಸಿ, ಎಲ್ಲರೂ ಕೇಳುವ ಹಾಗೆ ಹೇಳಿದಳು, "ಇದು ನಮ್ಮ ಅಣ್ಣುವಿನ ಮನೆಯ ಎಣ್ಣೆ. ಒಳ್ಳೆಯ ಪರಿಮಳ."

ಅಡುಗೆ ಕೋಣೆಯ ಹಿಂದೆ ಮೋಕ್ಷಿತ್ ನನ್ನನ್ನು ಹಿಡಿದ. "ನಿಮಗೆ ಮೊದಲೇ ಗೊತ್ತಿತ್ತಲ್ವಾ ಮಾವ? ಅದಕ್ಕೇ ಎಸಿ ಎಸಿ ಎಂದದ್ದಲ್ವಾ?" ಅವನ ಕಣ್ಣಲ್ಲಿ ನೀರು. ನಾನು ಹೌದು ಎನ್ನಬೇಕಿತ್ತು. ಅದರ ಬದಲು ಜೋರು ಮಾಡಿದೆ. "ನಿನ್ನ ಹೋಟೆಲಿಗೆ ಎಂದು ಎರಡು ಲಕ್ಷ ಸುರಿದಿದ್ದೇನೆ ನಾನು! ಎರಡು ಲಕ್ಷ! ಹಾಳಾದದ್ದು ನನ್ನದು!"

ಎಲ್ಲಿಂದ ಬಂತೋ ಆ ಎರಡು ಲಕ್ಷ. ಬಾಯಿಗೆ ಬಂತು.

ಊಟ ಮಾಡದೆ ಬಂದೆ.

ಡಿಸೆಂಬರ್ 19. ಸಂಜೆ

ನಾಲ್ಕು ದಿನ ಫೋನ್ ಇಲ್ಲ. ಇವತ್ತು ಬೈಕಿನ ಸದ್ದು. ಮೋಕ್ಷಿತ್. ಬೈಯಲಿಕ್ಕೆ ಬಂದ ಎಂದುಕೊಂಡು ದನದ ಹಟ್ಟಿಗೆ ಹೋದೆ. ಅವನೂ ಹಟ್ಟಿಗೇ ಬಂದ.

ಹೋಟೆಲ್ ನಡೀತಾ ಉಂಟಂತೆ. ಕ್ಯಾನ್ವಾಸ್ ಒರೆಸಿದ ಮೇಲೂ ನೀಲಿ ಹೋಗಲಿಲ್ಲವಂತೆ, ಮಂಜಿನೊಳಗೆ ಹೊಳೆ ಇದ್ದ ಹಾಗೆ ಉಳಿದಿದೆಯಂತೆ. ತೆಗೆಯಬೇಡಿ, ಈಗಲೇ ಸರಿಯಾದದ್ದು ಎಂದು ಶರೊನ್ ಹೇಳಿದ್ದಾಳಂತೆ. ಓನರ್ ಮಾತ್ರ ಆ ಸೋಫಾದಲ್ಲಿ ಕೂರುವುದಿಲ್ಲ.

ಆಮೇಲೆ ಜೇಬಿನಿಂದ ಒಂದು ಕವರ್ ತೆಗೆದ.

"ಐವತ್ತು ಸಾವಿರ ಉಂಟು ಮಾವ. ಎರಡನೇ ಫ್ರಿಜ್ಜಿಗೆ ಇಟ್ಟದ್ದು. ಉಳಿದದ್ದು ತಿಂಗಳು ತಿಂಗಳು ಕೊಡ್ತೇನೆ. ನೀವು ಎರಡು ಲಕ್ಷ ಹಾಕಿದ್ದು ನನಗೆ ಗೊತ್ತೇ ಇರ್ಲಿಲ್ಲ. ಅಂದು ಹಾಗೆಲ್ಲ ಮಾತಾಡಬಾರದಿತ್ತು ನಾನು."

ದನ ನನ್ನನ್ನೇ ನೋಡ್ತಾ ಇತ್ತು. ಆಶಾಲತಾ ಬಾಗಿಲಲ್ಲಿ. ಅವಳೂ ನನ್ನನ್ನೇ ನೋಡ್ತಾ ಇದ್ದಳು.

"ಇರಲಿ ಮಾರಾಯ, ನೋಡುವ," ಎಂದೆ. ಅವ ಕವರ್ ನನ್ನ ಕೈಯಲ್ಲಿಟ್ಟು, ಕಾಲು ಮುಟ್ಟಿ ಹೋದ. ಕಾಲು ಮುಟ್ಟುವವನಲ್ಲ ಅವ.

ಕವರ್ ಈಗ ಮೇಜಿನ ಮೇಲೆ ಉಂಟು. ಆಶಾಲತಾ ಒಮ್ಮೆ ಅದನ್ನು ನೋಡಿ ಒಳಗೆ ಹೋದಳು. ಬಂಗುಡೆ ಹುರೀತಾ ಇದ್ದಾಳೆ.

ಡಿಸೆಂಬರ್ 20. ಬೆಳಿಗ್ಗೆ

ಇವತ್ತು ಹೋಗಿ ಕವರ್ ವಾಪಸ್ ಕೊಡುವುದು. ಸುಮ್ಮನೆ ಕೊಟ್ಟರೆ ತಕೊಳ್ಳುವುದಿಲ್ಲ ಅವ. ದೊಡ್ಡ ಮನಸ್ಸಿನ ಮಾವ ಎಂದುಕೊಂಡು ಎಲ್ಲರಿಗೂ ಹೇಳ್ತಾನೆ. ಅದು ಕೇಳಲಿಕ್ಕೆ ಒಳ್ಳೆಯದೇ... ಆದರೂ ಬೇಡ. ನಿಜ ಹೇಳಿಯೇ ಕೊಡಬೇಕು. ಎಷ್ಟು ಹೋಯಿತು ಎಂದು ಕೇಳ್ತಾನೆ. ಬಾಯಿಗೆ ಬಿಟ್ಟರೆ ಪುನಃ ಲಕ್ಷದ ಮಾತೇ ಬಂದೀತು. ಅದಕ್ಕೆ ಮೊದಲು ಇಲ್ಲಿ ಒಮ್ಮೆ ಬರೆದು ಅಭ್ಯಾಸ ಮಾಡ್ತೇನೆ.

ಐವತ್ತು ಸಾವಿರ

ಅಲ್ಲ.

ಇಪ್ಪತ್ತು

ಅಲ್ಲ. ಟ್ಯೂಬು, ಬ್ರಷ್, ಕ್ಯಾನ್ವಾಸ್, ಟೆಂಪೋ, ರಿಕ್ಷಾ ಎಲ್ಲ ಸೇರಿ, ಎಣ್ಣೆ ಮನೆಯದ್ದು, ಪುಟ್ಟಿ ಅವನದ್ದೇ, ನಾನು ಕಳಕೊಂಡದ್ದು ಒಟ್ಟು ಮೂರು ಸಾವಿರದ ನೂರ ಎಂಬತ್ತು ರೂಪಾಯಿ. ಇದೇ ಸರಿ, ಇನ್ನು ಹೊರಡ್ತೇನೆ.